ಉಪ್ಪು ಕಡಿಮಿ ಆದ ಪಲ್ಯ

ನಾನು ಪಿಯುಸಿ ಮಟಾ ಕಲಿತಾಕಿ. ಧರ್ಮದ ದೊಡ್ಡ ದೊಡ್ಡ ಮಾತು ನನಗ ಬರೂದಿಲ್ಲ. ನಮ್ಮದು ಧಾರವಾಡದ ಹಳೇ ಕ್ರೈಸ್ತ ಮನಿತನ. ಬಾಸೆಲ್ ಮಿಶನ್ನಿನವರು 1834ರಾಗ ಮಂಗಳೂರಿಗೆ ಬಂದು, 1837ರಾಗ ಧಾರವಾಡಕ್ಕ ಬಂದ್ರು ಅಂತ ನಮ್ಮ ಅತ್ತಿಯವರು ಅಭಿಮಾನದಿಂದ ಹೇಳ್ತಿದ್ರು. ಆದ್ರ ಎಷ್ಟು ಹಳೇ ಸಭೆಯೊಳಗ ಹುಟ್ಟಿದ್ರೂ ಪ್ರೀತಿ ತಾನಾಗೇ ಬರೂದಿಲ್ಲ ನೋಡ್ರಿ. ನಾನು ಅದನ್ನ ಕಲಿತದ್ದು ಒಂದು ಬೋರಮಾಳ ಸರದಿಂದ.

ಅತ್ತಿಯವರು ಕಡೀ ಮೂರು ವರ್ಷ ಹಾಸಿಗಿ ಹಿಡದಿದ್ರು. ಮೈ ತೊಳಸಿ, ಗಂಜಿ ಕುಡಿಸಿ, ರಾತ್ರಿ ಎದ್ದು ನೋಡ್ಕೊಂಡಾಕಿ ನಾನು. ಹುಬ್ಬಳ್ಳ್ಯಾಗಿರೋ ನನ್ನ ನೆಗೆಣ್ಣಿ ತಿಂಗಳಿಗೊಮ್ಮೆ ಬಾಳೆಹಣ್ಣು ಹಿಡ್ಕೊಂಡು ಬಂದು, ಅರ್ಧಾ ತಾಸು ಕುಂತು ಹೋಗ್ತಿದ್ಲು. ಅತ್ತಿಯವರು ತೀರಿಕೊಂಡ ಮ್ಯಾಲೆ ಗೊತ್ತಾತು, ಬೋರಮಾಳ ಸರಾ ಆಕಿಗೆ ಕೊಟ್ಟಿದ್ರು. ನನಗ ಎರಡು ಇಳಕಲ್ ಸೀರಿ.

ಬಂಧು ಬಳಗ ಎಲ್ಲಾ ಕುಂತಾಗ ನಾನು ಅಂದೇ ಬಿಟ್ಟೆ, “ಬಾಳೆಹಣ್ಣು ಕೊಟ್ಟು ಬಂಗಾರ ಒಯ್ದಾಕಿ.” ಆಕಿ ಒಂದು ಮಾತೂ ಆಡದ ಎದ್ದು ಹೋದ್ಲು. ಎರಡು ವರ್ಷ ನಮ್ಮ ನಡುವೆ ಮಾತಿಲ್ಲ.

ಆ ಎರಡು ವರ್ಷ ನಾನು ಚರ್ಚಿಗೆ ಒಂದು ಭಾನುವಾರನೂ ತಪ್ಪಿಸಲಿಲ್ಲ. ಹೆಂಗಸರ ಕೂಟದಾಗ ನನ್ನ ಪಾಳಿ ಬಂದಾಗ ಪೌಲ ಕೊರಿಂಥದವರಿಗೆ ಬರದ ಮೊದಲನೇ ಪತ್ರದ 13ನೇ ಅಧ್ಯಾಯ ಓದ್ತಿದ್ದೆ. ಪ್ರೀತಿ ಹೆಂಗಿರಬೇಕು ಅಂತ ಹೇಳೋ ಅಧ್ಯಾಯ ಅದು. ಬಾಯಿಪಾಠ ಇತ್ತು. ಮನಿಗೆ ಬಂದು ಮೂರು ವರ್ಷದ ಚಾಕರಿ ಲೆಕ್ಕಾ ಹಾಕ್ಕೊಂತ ಕುಂದರ್ತಿದ್ದೆ.

ಒಂದು ಭಾನುವಾರ ಕರ್ತನ ಭೋಜನ ಇತ್ತು. ಸಭಾಪಾಲಕರು ಮತ್ತಾಯನ ಸುವಾರ್ತೆ 5ನೇ ಅಧ್ಯಾಯ ಓದಿದ್ರು. ಯಜ್ಞವೇದಿ ಮುಂದ ಕಾಣಿಕಿ ಹಿಡ್ಕೊಂಡು ನಿಂತಾಗ, ನಿನ್ನ ಮ್ಯಾಲೆ ಯಾರಿಗಾರ ಮನಸ್ತಾಪ ಐತಿ ಅಂತ ನೆನಪಾದ್ರ, ಕಾಣಿಕಿ ಅಲ್ಲೇ ಬಿಟ್ಟು ಮೊದಲು ಅವರ ಕಡೆ ಹೋಗು ಅಂತ ಯೇಸುಸ್ವಾಮಿ ಹೇಳಿದ ಮಾತು. ಎಷ್ಟೋ ಸರ್ತಿ ಕೇಳಿದ್ದೆ. ಅವತ್ತು ಎದಿಗೆ ನಾಟಿತು. ನನಗ ಯಾರ ಮ್ಯಾಲೆ ಸಿಟ್ಟೈತಿ ಅಂತ ಅಲ್ಲಿ ಕೇಳಿಲ್ಲ. ನನ್ನ ಮ್ಯಾಲೆ ಯಾರಿಗೆ ನೋವೈತಿ ಅಂತ ಕೇಳೈತಿ. ಮಂದಿ ಮುಂದ ಆಕಿಗೆ ಆಡಿದ ಮಾತು ನನ್ನ ಲೆಕ್ಕದಾಗ ಬಂದೇ ಇದ್ದಿದ್ದಿಲ್ಲ. ಅವತ್ತು ನಾನು ಭೋಜನಕ್ಕ ಏಳಲಿಲ್ಲ. ಬಾಜೂದವರು ನೋಡಿದ್ರು. ತಲಿ ತಗ್ಗಿಸಿ ಕುಂತೆ.

ಆಕಿಗೆ ಚಿಕೂನ್‌ಗುನ್ಯಾ ಬಂದು ಕೈಯ ಗಂಟು ಹಿಡದಾವು, ರೊಟ್ಟಿ ಬಡಿಯಾಕ ಆಗವಲ್ದು ಅಂತ ಆ ವಾರಾನೇ ಗೊತ್ತಾಗಿತ್ತು. ಮರುದಿನ ನಸುಕಿನ್ಯಾಗ ಎದ್ದು ಹತ್ತು ಜ್ವಾಳದ ರೊಟ್ಟಿ ಬಡದೆ. ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ಕಟ್ಟಿದೆ. ನಮ್ಮನಿಯವರು, “ನೀ ಹೋದ್ರ ಆಕಿ ಸರಾ ಕೊಡ್ತಾಳೇನು?” ಅಂದ್ರು. “ರೊಟ್ಟಿ ಕೊಡಾಕ ಹೊಂಟೇನ್ರಿ, ಸರಾ ತರಾಕಲ್ಲ” ಅಂದೆ. ಬಾಯಿಲೆ ಅಂದೆ ಖರೆ, ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿ ಮಟಾ ಹೊಟ್ಟ್ಯಾಗ ಸಿಟ್ಟು ಕುದೀತಿತ್ತು.

ಬಾಗಲಾ ತಗದಾಕಿ ನನ್ನ ನೋಡಿ ಸುಮ್ಮನೇ ನಿಂತ್ಲು. ಬೆರಳು ಬಾತಿದ್ದವು. ಕೊರಳಾಗ ಅದೇ ಸರಾ. ನಾನು ತಾಟು ಹಚ್ಚಿ ಕೊಟ್ಟು, “ಅವತ್ತು ಹಂಗ ಅಂದದ್ದು ನನ್ನ ತಪ್ಪಾತವ್ವಾ” ಅಂದೆ. ಆಕಿ ಮಾತಾಡಲಿಲ್ಲ. ರೊಟ್ಟಿ ಮುರಕೊಳ್ಳಾಕೂ ಆಗದ್ದಕ್ಕ ನಾನೇ ಮುರದು ಕೊಟ್ಟೆ. ಎರಡು ತುತ್ತು ತಿಂದು, ತಲಿ ಎತ್ತದನ ಅಂದ್ಲು, “ಪಲ್ಯಾಕ ಉಪ್ಪು ಕಡಿಮಿ ಆಗೇತಿ, ಅಕ್ಕಾ.”

ಎರಡು ವರ್ಷದ ಮ್ಯಾಲೆ “ಅಕ್ಕಾ” ಅಂದಿದ್ಲು. ನಾನು ಒಳಗ ಹೋಗಿ ಉಪ್ಪಿನ ಡಬ್ಬಿ ಹುಡುಕೂ ನೆವದಾಗ ಕಣ್ಣು ಒರಸಿಕೊಂಡೆ.

ಮುಂದಿನ ಕರ್ತನ ಭೋಜನಕ್ಕ ಎದ್ದು ಹೋದೆ. ಸರಾ ಇನ್ನೂ ಆಕಿ ಕೊರಳಾಗೇ ಐತಿ. ಒಮ್ಮೊಮ್ಮೆ ಕಣ್ಣು ಅಲ್ಲಿಗೆ ಹೋಗ್ತೈತಿ, ಸುಳ್ಳು ಯಾಕ ಹೇಳ್ಲಿ. ಆದ್ರ ನಿಮ್ಮ ಮನ್ಯಾಗೂ ಇಂಥಾದ್ದೊಂದು ಇದ್ರ, ಸಿಟ್ಟು ಇಳೀಲಿ, ಆಮ್ಯಾಲೆ ಹೋಗೋಣು ಅಂತ ಕುಂದರಬ್ಯಾಡ್ರಿ. ನಾನು ಹಂಗ ಕುಂತಿದ್ರ ಇನ್ನೂ ಕುಂತೇ ಇರ್ತಿದ್ದೆ.