ಅಟ್ಟದ ಫೋಟೊ

ಧಾರವಾಡದ ಓಣಿಯೊಂದರಲ್ಲಿ ಪಾಳುಬಿದ್ದ ವಾಡೆಯ ಫೋಟೊ ತೆಗೆಯುವ ಆಸೆ ನನಗೆ ಎರಡು ವರ್ಷದ್ದು. ಕೊನೆಗೂ ಮಾಲೀಕರು ಒಪ್ಪಿದರು. ಗಟ್ಟಿ ಬೂಟು, ಮಾಸ್ಕು, ಎರಡು ಟಾರ್ಚು ತಗೊಂಡು, ಅವ್ವನಿಗೆ ಲೊಕೇಶನ್ ಕಳಿಸಿದೆ.

"ಒಬ್ಬನ ಹೋಗಬ್ಯಾಡೊ ತಮ್ಮಾ" ಅಂದಳು. 2019ರ ಮಾರ್ಚ್ 19ರಂದು ನಮ್ಮೂರಿನ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಮಂದಿ ಸತ್ತದ್ದನ್ನು ಅವಳು ಮರೆತಿಲ್ಲ. ಅದು ಇನ್ನೂ ಕಟ್ಟುತ್ತಿದ್ದ ಕಟ್ಟಡ! ಇದೋ ಹಳೇ ಮಣ್ಣಿನ ಗೋಡೆ, ರಾತ್ರಿಯಿಡೀ ಮಳೆ ಕುಡಿದಿತ್ತು.

ಜೊತೆಗೆ ಬಂದ ಗೆಳೆಯ ಅಟ್ಟದ ಮೊದಲ ಮೆಟ್ಟಿಲನ್ನು ಕಾಲಿಂದ ಒತ್ತಿ ನೋಡಿದ. ಮೇಲಿನ ತೊಲೆಯಿಂದ ಮಣ್ಣು ಉದುರಿತು.

"ಮ್ಯಾಲ ಬ್ಯಾಡಲೇ."

ಸಿಟ್ಟು ಬಂತು, ಅಟ್ಟದ ಕಿಟಕಿಯ ಬೆಳಕು ಅಷ್ಟು ಚೆಂದ ಇತ್ತು. ಬಾಗಿಲಲ್ಲೇ ನಿಂತು, ಝೂಮ್ ಮಾಡಿ ನಾಲ್ಕು ಫೋಟೊ ತೆಗೆದು ಹೊರಗೆ ಬಂದೆವು. ಅಟ್ಟದ್ದು ಮಾತ್ರ ಇಲ್ಲ.