ಊರ ಕಟ್ಟಿಗೆ ಯಂತ್ರಕ್ಕೆ ನವರಂಗಪುರದ ಉಪಚಾರ

ನವರಂಗಪುರದಲ್ಲಿ ಮನೆ ಮಾಡಿಕೊಂಡವರಿಗೆ ಕಟ್ಟಿಗೆಯ ಗೊಡವೆ ಏತಕ್ಕೆ ಎಂದು ಓದುಗರು ಕೇಳಿದರೆ ತಪ್ಪಲ್ಲ. ನಮ್ಮ ಅಡಿಗೆಮನೆಗೆ ಗ್ಯಾಸು ಕೊಳವೆಯಲ್ಲೇ ಬರುತ್ತದೆ. ಹೋಳಿಯ ರಾತ್ರಿ ಸೊಸೈಟಿಯ ಅಂಗಳದಲ್ಲಿ ಒಟ್ಟುವ ರಾಶಿಯನ್ನು ಬಿಟ್ಟರೆ ವರ್ಷವಿಡೀ ನಾವು ಸೌದೆಯ ಮುಖ ಕಾಣುವುದಿಲ್ಲ. ಆದರೂ ಮಾರ್ಗಶಿರದಿಂದ ಮಾಘದವರೆಗೆ ನಮ್ಮ ಫೋನಿನಲ್ಲಿ ನಡೆಯುವ ಮಾತುಕತೆಯ ಮುಕ್ಕಾಲು ಪಾಲು ಕಟ್ಟಿಗೆಯದೇ. ಶಿರಸಿ ಸೀಮೆಯ ನಮ್ಮ ಊರಿನಲ್ಲಿ ಆಗ ಅಡಿಕೆ ಕೊಯ್ಲು. ಕೊಯ್ಲೆಂದರೆ ಹಂಡೆ, ಹಂಡೆಯೆಂದರೆ ಒಲೆ, ಒಲೆಯೆಂದರೆ ಗಾಡಿಗಟ್ಟಲೆ ಕಟ್ಟಿಗೆ.

ಅಪ್ಪಯ್ಯನ ಕಾಲದಲ್ಲಿ ಬೇಸಗೆಯಲ್ಲೇ ಸೊಪ್ಪಿನ ಬೆಟ್ಟದಿಂದ ಕಟ್ಟಿಗೆ ತಂದು, ಕೊಡಲಿಯಲ್ಲಿ ಒಡೆದು, ಮಳೆಗೆ ಮುಂಚೆ ಒಟ್ಟಿಬಿಟ್ಟರೆ ಚಿಂತೆ ಮುಗಿಯುತ್ತಿತ್ತು. ಹಳೆಯ ಒಲೆಯ ಬಾಯಿ ದೊಡ್ಡದು. ಕೈಗೆ ಸಿಕ್ಕ ಬೊಡ್ಡೆಯನ್ನು ಹಾಗೇ ನೂಕಿದರೂ ನುಂಗುತ್ತಿತ್ತು, ಅರ್ಧ ಉರಿ ಗೋಡೆಗೆ, ಅರ್ಧ ಹೊಗೆ ಆಯಿಯ ಕಣ್ಣಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ತಂಡದವರು ಆಮೇಲೆ ಕಟ್ಟಿಗೆ ಉಳಿಸುವ ಒಲೆ ಮಾಡಿದರು. 1983ರಲ್ಲಿ ನಮ್ಮದೇ ತಾಲ್ಲೂಕಿನ ಸಾಲ್ಕಣಿಯ ಕಡೆ ಜನ ಮರಗಳನ್ನು ಅಪ್ಪಿ ನಿಂತರು, ಅದೇ ‘ಅಪ್ಪಿಕೋ’ ಚಳವಳಿ. ಕಾಡಿನ ಬೆಲೆ ಮನೆಮನೆಗೂ ತಿಳಿಯಿತು, ಒಲೆಗಳ ಬಾಯಿ ಸಣ್ಣದಾಯಿತು. ಒಳ್ಳೆಯದೇ. ಆದರೆ ಸಣ್ಣ ಬಾಯಿಯ ಒಲೆಗೆ ಬೊಡ್ಡೆ ನಡೆಯದು. ಒಣಗಿದ, ತೆಳ್ಳಗೆ ಸೀಳಿದ ತುಂಡೇ ಬೇಕು. ಕಟ್ಟಿಗೆಯ ಖರ್ಚು ಇಳಿಯಿತು, ಸೀಳುವ ಕೆಲಸ ಏರಿತು. ಸೀಳುವ ಆಳುಗಳು ಅಷ್ಟರಲ್ಲಿ ನಮ್ಮಂತೆಯೇ ಊರು ಬಿಟ್ಟಿದ್ದರು.

ಹಾಗಾಗಿ ತಮ್ಮ ಆರು ವರ್ಷದ ಹಿಂದೆ ಯಂತ್ರ ತಂದ. ಒಂದು ಕಡೆ ದಿಮ್ಮಿ ತುಂಡರಿಸುವ ಗರಗಸದ ಚಕ್ರ, ಇನ್ನೊಂದು ಕಡೆ ಸೀಳುವ ಆಣೆ. ಮೋಟಾರು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತದೆ, ಸಿಲಿಂಡರಿನ ದಂಡ ಕಟ್ಟಿಗೆಯನ್ನು ಆಣೆಯ ಮೇಲೆ ಒತ್ತುತ್ತದೆ. ಕೊಡಲಿ ನಾಲ್ಕು ಏಟಿಗೆ ಬಗ್ಗದ ಅಕೇಶಿಯದ ಗಂಟು ಇದರ ಮುಂದೆ ಹಪ್ಪಳ.

ನಮ್ಮಿಬ್ಬರಲ್ಲಿ ಒಬ್ಬರು ನರೋಡಾದ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕಳೆದವರು, ಇನ್ನೊಬ್ಬರು ಆ ಇಪ್ಪತ್ತೆಂಟು ವರ್ಷವೂ ಅದರ ಕತೆ ಕೇಳಿದವರು. ಆದ್ದರಿಂದ ಯಂತ್ರ ಕೆಮ್ಮಿದರೆ ಮೊದಲ ಫೋನು ಬರುವುದು ಇಲ್ಲಿಗೆ. ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ತಮ್ಮನ ದನಿ ಕೇಳಿದಾಗಲೇ ವಿಷಯ ದೊಡ್ಡದು ಎಂದು ತಿಳಿಯಿತು.

“ಅಣ್ಣಾ, ಮಶಿನ್ ತಿರುಗ್ತಾ ಇದ್ದು, ಆದ್ರೆ ಒತ್ತತಿಲ್ಲೆ.”

ಎರಡು ಹಂಡೆಯಷ್ಟು ಹಸಿ ಅಡಿಕೆ ಸುಲಿದು ಕೂತಿತ್ತು. ಸುಲಿದದ್ದನ್ನು ತಡ ಮಾಡದೆ ಚೊಗರಿನಲ್ಲಿ ಬೇಯಿಸದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಬಿತ್ತು. ಸೀಳಿದ ಕಟ್ಟಿಗೆ ಒಂದು ಹಂಡೆಗೂ ಸಾಲುವಷ್ಟಿರಲಿಲ್ಲ. ತಮ್ಮನಿಗೆ ಅರವತ್ತು ದಾಟಿದೆ, ಕೊಡಲಿ ಎತ್ತುವ ಭುಜ ಎರಡು ವರ್ಷದಿಂದ ಮೇಲೇಳುತ್ತಿಲ್ಲ.

ರೋಗಿಯನ್ನು ನೋಡದೆ ಔಷಧಿ ಹೇಳುವುದು ಕಷ್ಟ. ಒಂದೊಂದಾಗಿ ಕೇಳುತ್ತ ಹೋದೆವು. ದಂಡ ಪೂರ್ತಿ ಒಳಗಿದ್ದಾಗ ಎಣ್ಣೆ ಗಾಜಿನ ಗುರುತಿನವರೆಗೆ ಇದೆಯೇ? ಇದೆ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದೆಯೇ? ಹಾಗಾದರೆ ನೀರು ಸೇರಿದೆ ಎಂದರ್ಥ. ಇಲ್ಲ, ಬಣ್ಣ ಸರಿಯಿದೆ. ನೊರೆ? ನೊರೆಯಿದ್ದರೆ, ಪಂಪು ಸಿಳ್ಳೆಯಂತೆ ಕಿರುಗುಟ್ಟಿದರೆ, ಎಣ್ಣೆ ಎಳೆಯುವ ಕೊಳವೆಯ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿರುತ್ತದೆ. ಅದೂ ಇಲ್ಲ. ಸೋಸುವ ಜಾಲರಿಯನ್ನು ದೀಪಾವಳಿಗೇ ತೊಳೆದಿದ್ದರು. ನಿನ್ನೆಯವರೆಗೆ ಬಲ ಕುಂದಿತ್ತೇ? ಕುಂದಿರಲಿಲ್ಲ. ಸಿಲಿಂಡರಿನ ಸೀಲು ಸವೆದರೆ ಬಲ ದಿನದಿನಕ್ಕೆ ಇಳಿಯುತ್ತದೆಯೇ ಹೊರತು ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಮಾಯವಾಗುವುದಿಲ್ಲ.

ಇಷ್ಟರಲ್ಲಿ ತಮ್ಮನ ಮಗ ನಡುವೆ ಬಾಯಿ ಹಾಕಿ, ವಾಲ್ವಿನ ಮೇಲಿನ ನಟ್ಟು ಬಿಗಿ ಮಾಡಲೇ ಎಂದ. ನಾವಿಬ್ಬರೂ ಒಟ್ಟಿಗೇ ಕೂಗಿದೆವು. ಆ ನಟ್ಟು ಒತ್ತಡದ ಮಿತಿಯನ್ನು ಕಾಯುವುದು. ಕುಕ್ಕರಿನ ಸೀಟಿಯ ಭಾರ ಇದ್ದ ಹಾಗೆ. ಅದನ್ನು ಬಿಗಿದರೆ ಬಲ ಬಂದಂತೆ ಕಾಣುತ್ತದೆ, ಆಮೇಲೆ ಕೊಳವೆ ಒಡೆದು ಬಿಸಿ ಎಣ್ಣೆ ಮುಖಕ್ಕೆ ಹಾರುತ್ತದೆ. ಈ ಹುಡುಗ ಜಾಣ, ಅದೇ ನಮ್ಮ ಹೆದರಿಕೆ. ಹಿಂದೊಮ್ಮೆ ಎರಡು ಕೈಯಲ್ಲಿ ಹಿಡಿಯಬೇಕಾದ ಎರಡು ಸನ್ನೆಗಳಲ್ಲಿ ಒಂದನ್ನು ಹಗ್ಗದಿಂದ ಕಟ್ಟಿ, ಬಿಡುವಾದ ಕೈಯಿಂದ ಕಟ್ಟಿಗೆ ಹಿಡಿಯುತ್ತಿದ್ದ. ಎರಡು ಸನ್ನೆ ಇಟ್ಟಿರುವುದೇ ಎರಡೂ ಕೈ ಆಣೆಯಿಂದ ದೂರವಿರಲಿ ಎಂದು. ಆ ಹಗ್ಗ ಬಿಚ್ಚಿಸಲು ಆಯಿಯ ಆಣೆ ಹಾಕಿಸಬೇಕಾಯಿತು.

ಕೊನೆಗೆ ಕೇಳಿದೆವು, “ಲೈನು ಏನಾದ್ರೂ ರಿಪೇರಿ ಆತಾ?” ಆಗಿತ್ತು. ಹಿಂದಿನ ದಿನ ತಂತಿಯ ಮೇಲೆ ಕೊಂಬೆ ಬಿದ್ದು, ಸಂಜೆ ಕತ್ತಲಲ್ಲಿ ಯಾರೋ ಬಂದು ಸರಿಮಾಡಿ ಹೋಗಿದ್ದರು. “ಹಿಟ್ಟಿನ ಗಿರಣಿ ಹೆಂಗಿದ್ದು?” ಗಿರಣಿಯವನು ಬೆಳಗಿನಿಂದ ಮೋಟಾರಿಗೆ ಬೈಯುತ್ತಿದ್ದನಂತೆ.

ಅಲ್ಲಿಗೆ ರೋಗ ಸಿಕ್ಕಿತು. ಮೂರು ಫೇಸಿನ ತಂತಿಗಳಲ್ಲಿ ಎರಡು ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಸದ್ದು ಅದೇ, ವೇಗ ಅದೇ. ಆದರೆ ಒಂದೇ ದಿಕ್ಕಿಗೆಂದು ಮಾಡಿದ ಪಂಪು ಉಲಟಾ ತಿರುಗಿದರೆ ಎಣ್ಣೆಯನ್ನು ಸಿಲಿಂಡರಿಗೆ ತಳ್ಳುವುದಿಲ್ಲ. ಒಂದು ಕ್ಷಣ ಸ್ವಿಚ್ಚು ಹಾಕಿ ತೆಗೆದು ಮೋಟಾರಿನ ಫ್ಯಾನು ನೋಡಲು ಹೇಳಿದೆವು. ಪಂಪಿನ ಮೇಲಿನ ಬಾಣ ಒಂದು ಕಡೆ, ಫ್ಯಾನು ಇನ್ನೊಂದು ಕಡೆ. ತಂತಿಗೆ ಮಾತ್ರ ನೀವು ಕೈ ಹಾಕಬೇಡಿ ಎಂದೆವು. ಎಲೆಕ್ಟ್ರಿಷಿಯನ್ ಬರುವ ಹೊತ್ತಿಗೆ ಸಂಜೆ ನಾಲ್ಕು. ಅಷ್ಟರವರೆಗೆ ತಮ್ಮನ ಹೆಂಡತಿ ಕತ್ತಿಯಲ್ಲಿ ಚಕ್ಕೆ ಸೀಳುತ್ತ ಮೊದಲ ಹಂಡೆಯ ಉರಿ ಆರದಂತೆ ನೋಡಿಕೊಂಡಿದ್ದಳು. ಅವಳಿಗೆ ಯಾರೂ ಫೋನು ಮಾಡಿ ಸಲಹೆ ಕೊಡಲಿಲ್ಲ! ಮೇನು ತೆಗೆದು, ಎರಡು ತಂತಿ ಬದಲಾಯಿಸಿ, ಹತ್ತು ನಿಮಿಷದಲ್ಲಿ ಆಣೆ ಕಟ್ಟಿಗೆಯನ್ನು ಕಡಿಯಿತು. ಎರಡನೇ ಹಂಡೆ ಇಳಿದಾಗ ರಾತ್ರಿ ಒಂದು ಗಂಟೆ.

ಉಲಟಾ ತಿರುಗಿದ ಹೊತ್ತಿನಲ್ಲಿ ಪಂಪಿನ ದಂಡದ ಸೀಲು ಕೆಟ್ಟು ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದರ ಮೇಲಿನ ಅಂಕೆ ಅಳಿಸಿದೆ ಎಂದು ಹುಡುಗ ಫೋಟೋ ಕಳಿಸಿದ. ಹಳೆಯ ಅಹಮದಾಬಾದಿನ ಅಂಗಡಿಯ ಕಾಕಾ ಫೋಟೋವನ್ನು ಕನ್ನಡಕದ ಮೇಲಿಂದ ನೋಡಿ, “ಜೂನು ಸೀಲ್ ಲಾವೊ” ಎಂದರು. ಹಳೆಯದನ್ನೇ ತನ್ನಿ ಎಂದು. ಚಿತ್ರದಲ್ಲಿ ದಪ್ಪ ಕಾಣದು; ಒಳವ್ಯಾಸ, ಹೊರವ್ಯಾಸ, ದಪ್ಪ, ಮೂರೂ ಮಿಲಿಮೀಟರಿನಲ್ಲಿ ಬೇಕು. ಕೊರಿಯರಿನಲ್ಲಿ ಹಳೆಯ ಸೀಲು ಬಂತು, ಹೊಸದು ಹೋಯಿತು. ನಾವು ಕಾದು ನಿಂತಾಗ ಕಾಕಾ ಕಟ್ಟಿಗೆಯ ಜಾತಿ ವಿಚಾರಿಸಿದರು. ಅವರ ಊರಿನಲ್ಲಿ ಉರಿಸುವುದೆಲ್ಲ ಗಾಂಡೊ ಬಾವಳ, ಅಂದರೆ ಹುಚ್ಚು ಜಾಲಿ. ಅದು ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯೇ ಎಂದು ತಿಳಿದು ಕಾಕಾ ಬಹಳ ಖುಷಿಪಟ್ಟು, ಸೀಲಿನ ಬೆಲೆಯನ್ನು ಮಾತ್ರ ಇಳಿಸಲಿಲ್ಲ.

ಮೇ ತಿಂಗಳಲ್ಲಿ ನಾವು ಊರಿಗೆ ಹೊರಟಿದ್ದೇವೆ. ಮಳೆಗಾಲಕ್ಕೆ ಮುಂಚೆ ದಂಡವನ್ನು ಪೂರ್ತಿ ಒಳಗೆಳೆದು, ತುಕ್ಕು ಹಿಡಿಯದಂತೆ ಗ್ರೀಸು ಬಳಿದು, ಇಲಿ ಕಡಿಯದಂತೆ ತಂತಿ ಮುಚ್ಚಬೇಕು. ಗರಗಸದ ಹಲ್ಲು ಮಸೆಯಿಸಬೇಕು. ಹುಡಿ ಹಿಟ್ಟಿನಷ್ಟು ನುಣ್ಣಗೆ ಬೀಳುತ್ತಿದೆ, ಕೊಯ್ದ ಜಾಗ ಕಪ್ಪಾಗುತ್ತಿದೆ ಎಂದು ತಮ್ಮ ಹೇಳಿದ್ದಾನೆ, ಅದು ಮೊಂಡಾದ ಲಕ್ಷಣ. ಫೇಸು ಉಲಟಾ ಆದರೆ ಮೋಟಾರನ್ನು ಚಾಲೂ ಆಗಗೊಡದ ಸಣ್ಣ ರಿಲೇ ಒಂದನ್ನು ಕೊಂಡಿದ್ದೇವೆ. ಚೀಲದಲ್ಲಿ ಅದು, ಎರಡು ಹೆಚ್ಚಿನ ಸೀಲು, ಬಾಣ ಬರೆಯಲು ಕೆಂಪು ಬಣ್ಣದ ಡಬ್ಬಿ, ಆಯಿಗೆ ಮೆಂತ್ಯದ ಖಾಖ್ರಾ.