ನಿಜವಾದ ಬಲಶಾಲಿ ಯಾರು?

ಲಗ್ಗೆರೆಯಲ್ಲಿ ಫಜ್ರ್ ನಮಾಝ್ ಮುಗಿದು, ಜನರು ಪೀಣ್ಯದ ಕಾರ್ಖಾನೆಗಳತ್ತ ಹೊರಡುವ ಮುನ್ನ ಒಂದು ಗಂಟೆಯ ಬಿಡುವಿರುತ್ತದೆ. ಆ ಹೊತ್ತಿನಲ್ಲಿ ನಾವು ಮೊಹಲ್ಲಾದ ಕೆಲವು ಹುಡುಗರಿಗೆ ಬಾಕ್ಸಿಂಗ್ ಅಭ್ಯಾಸ ಮಾಡಿಸುತ್ತಿದ್ದೆವು. ಅವರು ದುಶ್ಚಟಗಳಿಂದ ದೂರವಿರಲಿ ಎಂಬುದು ನಮ್ಮ ಆಶಯವಾಗಿತ್ತು. ದುರ್ಬಲ ವಿಶ್ವಾಸಿಗಿಂತ ಬಲಿಷ್ಠ ವಿಶ್ವಾಸಿಯು ಅಲ್ಲಾಹನಿಗೆ ಹೆಚ್ಚು ಪ್ರಿಯನೆಂಬ ಪ್ರವಾದಿ(ಸ)ರ ಬೋಧನೆಯೇ ಇದಕ್ಕೆ ಸಾಕೆಂದು ನಾವು ಭಾವಿಸಿದ್ದೆವು.

ಅವರಲ್ಲೊಬ್ಬ 17 ವರ್ಷದ ಹುಡುಗ. ತಂದೆ ತೀರಿಹೋಗಿದ್ದರು. ತಾಯಿ ಗಾರ್ಮೆಂಟ್ಸ್ ಕೆಲಸದಿಂದ ಮನೆ ನಡೆಸುತ್ತಿದ್ದರು. ಹುಡುಗನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೊದಲ ಕೆಲವು ತಿಂಗಳು ಅವನಿಗೆ ಹೊಡೆಯುವುದನ್ನು ಕಲಿಸಲೇ ಇಲ್ಲ. ಹಗ್ಗದ ಜಿಗಿತ, ಪಾದಗಳ ಚಲನೆ, ಗಲ್ಲವನ್ನು ಭುಜದ ಮರೆಗೆ ತರುವುದು, ಚಾಚಿದ ಕೈಯನ್ನು ತಕ್ಷಣ ಕೆನ್ನೆಗೆ ಮರಳಿಸುವುದು, ಇಷ್ಟೇ ಅವನ ಪಾಠವಾಗಿತ್ತು.

ಮೊದಲ ಹವ್ಯಾಸಿ ಪಂದ್ಯಕ್ಕೆ ಹೆಸರು ಕೊಟ್ಟಾಗ ಅವನ ತಾಯಿ ಕೇಳಿದರು: “ಅಲ್ಲಾಹನು ಕೊಟ್ಟ ಮುಖವನ್ನು ಹೊಡೆತಕ್ಕೆ ಒಡ್ಡಲು ಕಳಿಸುತ್ತೀರಾ?” ನಮ್ಮ ಬಳಿ ಉತ್ತರವಿರಲಿಲ್ಲ. ಇಮಾಮರನ್ನು ಕೇಳಿದೆವು. ಕಾದಾಡುವಾಗಲೂ ಮುಖಕ್ಕೆ ಹೊಡೆಯಬಾರದೆಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ ಎಂದರು. ಮುಸ್ಲಿಮ್ ವರ್ಲ್ಡ್ ಲೀಗ್‌ನ ಫಿಕ್ಹ್ ಮಂಡಳಿಯು 1987ರಲ್ಲಿ ಮಕ್ಕಾದಲ್ಲಿ ಸಭೆ ಸೇರಿ, ಈಗ ರೂಢಿಯಲ್ಲಿರುವ ಬಾಕ್ಸಿಂಗ್ ನಿಷಿದ್ಧವೆಂದು ತೀರ್ಮಾನಿಸಿದ್ದನ್ನೂ ತಿಳಿಸಿದರು. 2022ರ ಜುಲೈನಲ್ಲಿ ಇದೇ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ಯುವಕನೊಬ್ಬ ಪೆಟ್ಟಿಗೆ ಕುಸಿದು ಮೃತಪಟ್ಟದ್ದೂ ನಮಗೆ ಗೊತ್ತಿತ್ತು. ಆದರೂ ನಾವು ವಿನಾಯಿತಿಯನ್ನು ಹುಡುಕಿದೆವು. ಇದು ಹಣದ ಪಂದ್ಯವಲ್ಲ. ವೈದ್ಯರು ಪರೀಕ್ಷಿಸುತ್ತಾರೆ, ತೂಕ ನೋಡುತ್ತಾರೆ, ತಲೆಗೆ ರಕ್ಷಾಕವಚವಿರುತ್ತದೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಆ ಕವಚವು ಚರ್ಮ ಹರಿಯುವುದನ್ನು ತಡೆಯಬಲ್ಲದು. ಒಳಗೆ ಮಿದುಳು ಅಲುಗುವುದನ್ನು ತಡೆಯಲಾರದು.

ಮೂರು ನಿಮಿಷಗಳ ಮೂರು ಸುತ್ತು, ನಡುವೆ ಒಂದೊಂದು ನಿಮಿಷದ ವಿರಾಮ. ಮೊದಲ ಸುತ್ತಿನಲ್ಲಿ ಹುಡುಗ ಕಲಿತಂತೆಯೇ ಆಡಿದ. ಎರಡನೆಯದರಲ್ಲಿ ದವಡೆಗೆ ಒಂದು ಪೆಟ್ಟು ಬಿತ್ತು. ರೆಫರಿ ಎಂಟರವರೆಗೆ ಎಣಿಸಿ, ಅವನ ಕಣ್ಣುಗಳನ್ನು ನೋಡಿ, ಮುಂದುವರಿಯಲು ಬಿಟ್ಟರು. ಅಷ್ಟರಲ್ಲಿ ಅವನ ಹಳೆಯ ಕೋಪ ಎದ್ದಿತ್ತು. ಕೈಗಳು ಕೆನ್ನೆಗೆ ಮರಳಲಿಲ್ಲ. ವಿರಾಮದಲ್ಲಿ ನೀರು ಕೊಟ್ಟು, ಇದು ಎಷ್ಟನೇ ಸುತ್ತು ಎಂದು ಕೇಳಿದೆವು. “ಮೊದಲನೆಯದು” ಎಂದ.

ಅಷ್ಟು ಸಾಕಾಗಿತ್ತು. ಆದರೂ ಟವಲನ್ನು ಹಿಡಿದ ಕೈ ಕೆಲವು ಕ್ಷಣ ಮೇಲೇಳಲಿಲ್ಲ. ಪದಕವಿಲ್ಲದೆ ಮೊಹಲ್ಲಾಕ್ಕೆ ಹೇಗೆ ಮರಳುವುದು, ಜನ ಏನೆನ್ನುವರು ಎಂಬುದೇ ಆಗ ಮನಸ್ಸಿನಲ್ಲಿತ್ತು. ಹುಡುಗನು ಎದುರಾಳಿಯೊಂದಿಗೆ ಸೆಣಸುತ್ತಿದ್ದರೆ, ನಾವು ನಮ್ಮ ನಫ್ಸ್‌ಗೆ ಸೋಲುತ್ತಿದ್ದೆವು. ಕೊನೆಗೆ ಮೂರನೇ ಸುತ್ತಿನ ಗಂಟೆ ಬಾರಿಸುವ ಮುನ್ನ ಟವಲು ಎಸೆದೆವು. ಅಲ್‌ಹಮ್ದುಲಿಲ್ಲಾಹ್, ವೈದ್ಯರ ಪರೀಕ್ಷೆಯಲ್ಲಿ ಗಂಭೀರವಾದುದೇನೂ ಕಂಡುಬರಲಿಲ್ಲ.

ಎರಡು ವಾರ ಅವನು ನಮ್ಮೊಡನೆ ಮಾತನಾಡಲಿಲ್ಲ. ಮಸೀದಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದ. ಕುಸ್ತಿಯಲ್ಲಿ ಇನ್ನೊಬ್ಬರನ್ನು ಕೆಡಹುವವನಲ್ಲ, ಕೋಪ ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ಹದೀಸನ್ನು ನಾವು ಅವನಿಗೆ ಎಷ್ಟೋ ಬಾರಿ ಹೇಳಿದ್ದೆವು. ಅದು ನಮಗೂ ಅನ್ವಯಿಸುವುದೆಂದು ಯೋಚಿಸಿರಲಿಲ್ಲ. ಅವನ ಮನೆಗೆ ಹೋಗಿ ತಾಯಿಯ ಮುಂದೆ ಕ್ಷಮೆ ಕೇಳಿದೆವು. ಟವಲು ಎಸೆದದ್ದಕ್ಕಲ್ಲ, ತಡಮಾಡಿದ್ದಕ್ಕೆ ಮತ್ತು ಅವರ ಪ್ರಶ್ನೆಗೆ ಉತ್ತರಿಸದೆ ಅವನನ್ನು ಕರೆದೊಯ್ದದ್ದಕ್ಕೆ. ಅವರು ಚಹಾ ತಂದಿಟ್ಟರು, ಏನೂ ಹೇಳಲಿಲ್ಲ.

ಈಗಲೂ ಫಜ್ರ್ ನಂತರ ಹುಡುಗರು ಸೇರುತ್ತಾರೆ. ಓಟ, ಹಗ್ಗ, ಮರಳಿನ ಚೀಲಕ್ಕೆ ಹೊಡೆತ ಎಲ್ಲವೂ ಇವೆ. ಪರಸ್ಪರರ ಮುಖಕ್ಕೆ ಹೊಡೆಯುವುದಿಲ್ಲ. ಪಂದ್ಯಗಳಿಗೆ ಯಾರನ್ನೂ ಕಳಿಸುವುದಿಲ್ಲ. ಆ ಹುಡುಗ ಕಿರಿಯರಿಗೆ ಪಾದಗಳ ಚಲನೆ ಕಲಿಸುತ್ತಾನೆ. ಒಮ್ಮೊಮ್ಮೆ, “ಮೂರನೇ ಸುತ್ತು ಆಡಿದ್ದರೆ ಗೆಲ್ಲುತ್ತಿದ್ದೆ” ಎನ್ನುತ್ತಾನೆ. ನಾವು ವಾದಿಸುವುದಿಲ್ಲ.

ಮಕ್ಕಳ ದೇಹವು ನಮ್ಮ ಕೈಯಲ್ಲಿರುವ ಅಮಾನತ್. ನಮ್ಮ ಹೆಮ್ಮೆಗಾಗಿ ಅದನ್ನು ಪಣಕ್ಕಿಡದಂತೆ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.